ಹಿಂಪಡೆಯಬಹುದಾದ ವಸ್ತು, ಕ್ರಮ ಸಂಖ್ಯೆ ನಲವತ್ತೊಂದು

ಕಾರ್ಮಿಕರ ವೈದ್ಯಕೀಯ ಕಚೇರಿಯ ಮುಖ್ಯಾಧಿಕಾರಿಗಳಿಗೆ,
ಎರಕದ ಕಾರ್ಖಾನೆ, ಭದ್ರಾವತಿ

ಮಾನ್ಯರೇ,

ನಿಮ್ಮ ಕಚೇರಿಗೆ ಸೇರಿದ ಒಂದು ವಸ್ತು ನನ್ನ ಭಾವನವರ ದೇಹದೊಳಗಿದೆ. ಅದನ್ನು ಮರಳಿಸುವಂತೆ ನೀವು ಮೂರು ಸಲ ಬರೆದಿದ್ದೀರಿ. ಮೂರನೆಯ ಪತ್ರ ಕಳೆದ ವಾರ ಬಂತು, ಕೆಂಪು ಮೊಹರಿನೊಂದಿಗೆ. ಆ ವಸ್ತು ಇನ್ನು ಯಾವತ್ತೂ ಹೊರಗೆ ಬರುವುದಿಲ್ಲ. ಆದರೆ ಈ ಬಹಿರಂಗ ಪತ್ರವನ್ನು ನಾನು ಪತ್ರಿಕೆಗೆ ಬರೆಯುತ್ತಿರುವುದು ಅದನ್ನು ತಿಳಿಸುವುದಕ್ಕಲ್ಲ. ಆ ಮಾತನ್ನು ವೈದ್ಯರ ಪ್ರಮಾಣಪತ್ರದ ಸಮೇತ ನಿಮ್ಮ ಗುಮಾಸ್ತರ ಕೈಗೆ ಕೊಟ್ಟಾಗಿದೆ. ಅಂಥದೇ ಇನ್ನೊಂದು ವಸ್ತು ಇಪ್ಪತ್ತಾರು ವರ್ಷದ ಒಬ್ಬ ಬಾಣಂತಿಯ ದೇಹದೊಳಗಿದೆ. ಅದನ್ನು ಈ ತಿಂಗಳ ಇಪ್ಪತ್ತೈದರೊಳಗೆ ತೆಗೆಯಬೇಕು. ಎರಡನೇ ಶನಿವಾರ, ಭಾನುವಾರಗಳು, ಸಂಕ್ರಾಂತಿ ಇವನ್ನು ಕಳೆದರೆ ಅಷ್ಟರೊಳಗೆ ನಿಮ್ಮ ಕಚೇರಿಯ ಬಾಗಿಲು ತೆರೆದಿರುವುದು ಹನ್ನೊಂದು ದಿನ. ಈ ಪತ್ರ ಆ ಹನ್ನೊಂದು ದಿನಗಳಿಗಾಗಿ.

ಓದುಗರಿಗೆ ಸಂಗತಿಯನ್ನು ಮೊದಲಿನಿಂದ ಹೇಳಬೇಕು. ನಿಮಗೆ ಹೇಳಬೇಕಾಗಿಲ್ಲ, ನಿಮ್ಮಲ್ಲಿ ಕಡತವಿದೆ. ಆದರೆ ಕಡತ ಇರುವುದಕ್ಕೂ ಅದನ್ನು ಓದಿರುವುದಕ್ಕೂ ನಡುವೆ ಎಷ್ಟು ದೂರ ಎಂಬುದು ಕಳೆದ ಹತ್ತು ತಿಂಗಳಲ್ಲಿ ನನಗೆ ತಿಳಿದಿರುವುದರಿಂದ, ನೀವೂ ಓದುವುದು ಒಳ್ಳೆಯದು.

ನನ್ನ ಭಾವ ಮುರುಗೇಶಪ್ಪನವರು ನಿಮ್ಮ ಕಾರ್ಖಾನೆಯ ಅಚ್ಚಿನ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವರು. ಭದ್ರಾವತಿ ಎಂದರೆ ಜನಕ್ಕೆ ನೆನಪಾಗುವ ದೊಡ್ಡ ಕಾರ್ಖಾನೆಗಳಲ್ಲ ನಿಮ್ಮದು. ಅವುಗಳ ಪಕ್ಕದಲ್ಲಿ, ತನ್ನ ಸೈರನ್ ಕೂಡ ಊರಿಗೆ ಸರಿಯಾಗಿ ಕೇಳಿಸದಂತೆ ನಡೆದುಕೊಂಡು ಹೋಗುವ ಸಣ್ಣ ಕಾರ್ಖಾನೆ. ಕಳೆದ ಮಾರ್ಚ್ ಹದಿನಾಲ್ಕರಂದು ಭಾವ ಅಚ್ಚಿನ ಮರಳು ಸೋಸುವ ಯಂತ್ರದ ಪಕ್ಕದ ಅಟ್ಟಣಿಗೆಯಿಂದ ಬಿದ್ದರು. ಸೊಂಟದ ಮೂಳೆಯೂ ತೊಡೆಯ ಮೂಳೆಯೂ ಮುರಿದವು. ತಲೆಯೊಳಗೆ ರಕ್ತ ಸೋರಿತು. ಒಂದು ದಿನ ಶಿವಮೊಗ್ಗದಲ್ಲಿ ಇಟ್ಟುಕೊಂಡು ಬೆಂಗಳೂರಿಗೆ ಕಳಿಸಿದರು. ಆಂಬುಲೆನ್ಸಿನ ಕಿಟಕಿಯಿಂದ ನಾನು ಮೈಲಿಗಲ್ಲುಗಳನ್ನು ಓದುತ್ತ ಹೋದದ್ದು ನೆನಪಿದೆ. ಬೇರೇನೂ ಮಾಡುವಂತಿರಲಿಲ್ಲ. ಬೇರೇನೂ ಅನ್ನಿಸಿರಲೂ ಇಲ್ಲ.

ಎಂಟನೆಯ ದಿನ ಅವರ ಎಡಗಾಲು ಊದಿಕೊಂಡಿತು. ಅಲ್ಲಾಡದೆ ಮಲಗಿದವರ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ. ಹೆಪ್ಪು ಕಾಲಿನಲ್ಲೇ ಇದ್ದರೆ ನೋವಷ್ಟೆ. ಅದರ ಒಂದು ಚೂರು ಕಳಚಿ, ಹೊಟ್ಟೆಯ ದೊಡ್ಡ ರಕ್ತನಾಳದಲ್ಲಿ ಮೇಲಕ್ಕೆ ಹೋಗಿ ಶ್ವಾಸಕೋಶ ಸೇರಿದರೆ, ಮಾತಾಡುತ್ತ ಕೂತ ಮನುಷ್ಯ ಮಾತಿನ ನಡುವೆಯೇ ಹೋಗಿಬಿಡಬಹುದು. ಇದಕ್ಕೆ ಸಾಮಾನ್ಯವಾಗಿ ಕೊಡುವುದು ರಕ್ತ ತೆಳುವಾಗಿಸುವ ಔಷಧ. ತಲೆಯೊಳಗೆ ರಕ್ತ ಸೋರಿದವರಿಗೆ ಅದನ್ನು ಕೊಡುವಂತಿಲ್ಲ. ಕಾಲನ್ನು ಉಳಿಸುವುದು ತಲೆಯನ್ನು ಕೊಲ್ಲುತ್ತದೆ. ಹಾಗಾಗಿ ವೈದ್ಯರು ಹೊಟ್ಟೆಯ ಆ ದೊಡ್ಡ ನಾಳದೊಳಗೆ ತೆಳ್ಳನೆಯ ತಂತಿಗಳ ಒಂದು ಪುಟ್ಟ ಜಾಲರಿ ಇಟ್ಟರು. ಮುಚ್ಚಿದ ಕೊಡೆಯಂತೆ ಒಳಗೆ ಹೋಗಿ, ಅಲ್ಲಿ ಬಿಚ್ಚಿಕೊಂಡು, ನಾಳದ ಗೋಡೆಗೆ ಕಾಲೂರಿ ನಿಲ್ಲುತ್ತದೆ. ರಕ್ತವನ್ನು ಬಿಡುತ್ತದೆ, ಹೆಪ್ಪನ್ನು ತಡೆಯುತ್ತದೆ. ತುದಿಯಲ್ಲೊಂದು ಕೊಕ್ಕೆ ಇರುತ್ತದೆ, ಮುಂದೆ ಕುತ್ತಿಗೆಯ ನಾಳದಿಂದ ಕುಣಿಕೆ ಇಳಿಸಿ ಹಿಡಿದೆಳೆಯಲು.

ಆಸ್ಪತ್ರೆಯ ವೈದ್ಯೆ ಚಿಕ್ಕ ವಯಸ್ಸಿನವರು. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ನನಗೂ ಅಕ್ಕ ಜಗದಾಂಬಾಳಿಗೂ ತೋರಿಸಿದರು.

"ಇದು ಪರ್ಮನೆಂಟ್ ಅಲ್ಲಮ್ಮ. ತಲೆ ಗಾಯ ಮಾಗಿದ ಮೇಲೆ ಮಾತ್ರೆ ಶುರು ಮಾಡ್ತೀವಿ. ಆಮೇಲೆ ಇದನ್ನ ತೆಗೀಲೇಬೇಕು. ಹನ್ನೆರಡು ವಾರ. ಜೂನ್ ಹದಿನಾಲ್ಕು. ಬರ್ಕೊಳ್ಳಿ. ಜಾಸ್ತಿ ಬಿಟ್ರೆ ನಾಳ ಅದನ್ನ ಬಿಟ್ಟುಕೊಡಲ್ಲ, ಅಂಟ್ಕೊಂಡ್ಬಿಡುತ್ತೆ."

ಹತ್ತು ದಿನದ ನಂತರ ಭಾವನಿಗೆ ಮಾತಾಡುವಷ್ಟು ಶಕ್ತಿ ಬಂದಾಗ ಅಕ್ಕ ಅವರಿಗೆ ಅದನ್ನೇ ವಿವರಿಸಿದಳು.

"ಅಂದ್ರೆ ನನ್ನೊಳಗೆ ಜರಡಿ ಹಾಕವ್ರೆ," ಎಂದರು. "ಇಪ್ಪತ್ತೊಂಬತ್ತು ವರ್ಷ ಮರಳು ಜರಡಿ ಹಿಡಿದೋನು ನಾನು. ಜರಡಿ ಅಂದ್ಮೇಲೆ ಮೇಲೆ ನಿಂತಿದ್ದನ್ನ ಯಾರಾದ್ರೂ ಚೆಲ್ಬೇಕಲ್ಲ ಮಾರಾಯ್ತಿ. ಯಾರು ಚೆಲ್ತಾರೆ?"

ಪಕ್ಕದಲ್ಲಿದ್ದ ವೈದ್ಯೆಗೆ ನಗು ಬಂತು. ಸಿಕ್ಕಿಕೊಂಡ ಹೆಪ್ಪನ್ನು ಮೈಯೇ ನಿಧಾನವಾಗಿ ಕರಗಿಸುತ್ತದೆ ಎಂದರು. "ಹಂಗಾದ್ರೆ ಸರಿ," ಎಂದು ಭಾವ ಕಣ್ಣು ಮುಚ್ಚಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಜರಡಿ. ಆ ಹೆಸರೇ ನಿಮ್ಮ ಕಚೇರಿಯವರೆಗೂ ಬಂದಿದ್ದರೆ ಚೆನ್ನಾಗಿತ್ತು.

ಬರಲಿಲ್ಲ, ಏಕೆಂದರೆ ನಡುವೆ ನಾನಿದ್ದೆ. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಕೊಟ್ಟ ಎರಡು ಪುಟದ ಬಿಡುಗಡೆ ಪತ್ರವನ್ನು ಏಪ್ರಿಲ್ ಕೊನೆಯಲ್ಲಿ ನಿಮ್ಮ ಕಚೇರಿಗೆ ಒಯ್ದೆ. ನಿಮ್ಮ ಗುಮಾಸ್ತ ಶೇಷಪ್ಪನವರು ಸಜ್ಜನರು. ಕೂರಲು ಸ್ಟೂಲು ಕೊಟ್ಟು, ಗೋಡೆಯ ಮೇಲಿನ ಹೊಸ ಸುತ್ತೋಲೆ ತೋರಿಸಿದರು. ಕಡತ ಸೇರುವ ಪ್ರತಿಯೊಂದು ಕಾಗದಕ್ಕೂ ಕನ್ನಡ ಅನುವಾದ ಲಗತ್ತಿಸಬೇಕಂತೆ. "ನೀವೇ ಇಂಗ್ಲಿಷ್ ಮೇಷ್ಟ್ರಂತಲ್ಲ ಸಾರ್, ನೀವೇ ಮಾಡ್ಬಿಡಿ. ನಮಗೂ ಒಳ್ಳೆ ಕನ್ನಡ ಸಿಕ್ಕಂಗಾಗುತ್ತೆ," ಎಂದರು. ಆ ಕೊನೆಯ ಮಾತು ನನಗೆ ಹಿಡಿಸಿತು. ಈಗ ಯೋಚಿಸಿದರೆ, ಇಡೀ ಪ್ರಕರಣದಲ್ಲಿ ನನಗೆ ಸಂತೋಷವೆಂಬುದು ಆಗಿದ್ದು ಆಗ ಮಾತ್ರ.

ಒಂದು ಭಾನುವಾರ ಬೆಳಿಗ್ಗೆ ರವೀಂದ್ರನಗರದ ನನ್ನ ಮನೆಯಲ್ಲಿ ಕೂತು ಅನುವಾದ ಮಾಡಿದೆ. ಜಾಲರಿಯ ಹೆಸರಿನ ಹಿಂದೆ ಒಂದು ವಿಶೇಷಣವಿತ್ತು: ರಿಟ್ರೀವಬಲ್. ಅದಕ್ಕೆ ಸುಮಾರು ಅರ್ಧ ಗಂಟೆ ಕೊಟ್ಟೆ. ತೆಗೆಯಬಹುದಾದ ಎನ್ನಬಹುದಿತ್ತು; ಹಲ್ಲಿನ ಸೆಟ್ಟಿನ ಹಾಗೆ ಕೇಳಿಸಿತು. ತೆಗೆಯತಕ್ಕ ಎನ್ನಬಹುದಿತ್ತು. ಸರ್ಕಾರಿ ಕಾಗದಗಳ ಈ ತಕ್ಕ, ತಕ್ಕದ್ದು ಎಂಬ ಪ್ರಯೋಗಗಳನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಗೇಲಿ ಮಾಡುತ್ತ ಬಂದವನು. ಸತ್ತ ಕನ್ನಡ, ಅದರಲ್ಲಿ ಉಸಿರಿಲ್ಲ ಎನ್ನುತ್ತಿದ್ದೆ. ಕೊನೆಗೆ ಬರೆದೆ: ಹಿಂಪಡೆಯಬಹುದಾದ ರಕ್ತನಾಳ ಶೋಧಕ. ಗಟ್ಟಿಯಾಗಿ ಒಮ್ಮೆ ಓದಿಕೊಂಡೆ. ಲಯ ಚೆನ್ನಾಗಿತ್ತು.

ಇದನ್ನು ನಿಮ್ಮ ಮೇಲೆ ಹೊರಿಸುವ ಮೊದಲು ನನ್ನ ಪಾಲನ್ನು ಹೇಳಿಬಿಡಬೇಕು. ವೈದ್ಯೆ ಕನ್ನಡದಲ್ಲಿ, ನನ್ನ ಮುಖ ನೋಡಿಕೊಂಡು, ತೆಗೀಲೇಬೇಕು ಎಂದಿದ್ದರು. ಅದನ್ನು ಅನುವಾದಿಸುವ ಅಗತ್ಯವೇ ಇರಲಿಲ್ಲ. ನಾನು ಕಿವಿಯಿಂದ ಕೇಳಿದ್ದನ್ನು ಬಿಟ್ಟು ಕಾಗದದ ಮೇಲಿದ್ದನ್ನು ಅನುವಾದಿಸಿದೆ. ಇಂಥ ತಪ್ಪು ಮಾಡುವುದಕ್ಕೆ ಸಾಕಷ್ಟು ಓದಿರಬೇಕಾಗುತ್ತದೆ. ಅಕ್ಕನಿಗೆ ಬರೆಯಲು ಕೊಟ್ಟಿದ್ದರೆ ಅವಳು "ಜರಡಿ, ಜೂನ್ ಹದಿನಾಲ್ಕಕ್ಕೆ ತೆಗೆಸಬೇಕು" ಎಂದು ಒಂದು ಸಾಲು ಬರೆದು ಸಹಿ ಹಾಕಿರುತ್ತಿದ್ದಳು.

ಅನುವಾದ ಒಪ್ಪಿಸಿದಾಗ ಶೇಷಪ್ಪನವರು ಕೇಳಿದರು: "ಶೋಧಕ ಅಂದ್ರೆ ಹುಡುಕೋದಾ ಸಾರ್?"

"ಸೋಸೋದು," ಎಂದೆ.

"ಓಹೋ. ಹಿಂಪಡೆಯಬಹುದಾದ. ಸರಿ ಸರಿ, ಇದಕ್ಕೆ ನಮ್ಮಲ್ಲಿ ಬೇರೆ ಪುಸ್ತಕಾನೇ ಇದೆ."

ಬೇರೆ ಪುಸ್ತಕ ಇದೆ ಎಂದು ನನಗೆ ನೆಮ್ಮದಿಯಾಯಿತು. ಇಂಥ ಪ್ರಕರಣಗಳನ್ನು ಪ್ರತ್ಯೇಕವಾಗಿ ಗಮನಿಸುವ ವ್ಯವಸ್ಥೆ ಇದೆಯೆಂದು ತಿಳಿದೆ. ಮೇ ತಿಂಗಳ ಕೊನೆಯಲ್ಲಿ ಮತ್ತೆ ಹೋದೆ. ಬೆಂಗಳೂರಿನ ಆಸ್ಪತ್ರೆ ನಿಮ್ಮ ಕಾರ್ಮಿಕರನ್ನು ನಿಮ್ಮ ಸಹಿಯ ಶಿಫಾರಸು ಪತ್ರವಿಲ್ಲದೆ ಒಳಗೆ ಸೇರಿಸಿಕೊಳ್ಳುವುದಿಲ್ಲ. ಆ ಪತ್ರ ಯಾವಾಗ ಕೊಡುತ್ತೀರೆಂದು ಕೇಳಿದೆ. "ಗಾಬರಿ ಬೇಡಿ ಸಾರ್. ಡೇಟ್ ನೋಟ್ ಆಗಿದೆ, ಜೂನ್ ಹದಿನಾಲ್ಕು. ಅವಧಿ ಮುಗಿದ ತಕ್ಷಣ ನಾವೇ ಪತ್ರ ಕಳಿಸ್ತೀವಿ. ಇವತ್ತಿನವರೆಗೆ ಈ ಆಫೀಸಲ್ಲಿ ಒಂದು ಊರುಗೋಲೂ ಕಳೆದುಹೋಗಿಲ್ಲ," ಎಂದರು ಶೇಷಪ್ಪನವರು. ಇದರಲ್ಲಿ ಊರುಗೋಲು ಯಾಕೆ ಬಂತು ಎಂದು ನಾನು ಕೇಳಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಶಿವಮೊಗ್ಗದ ಬಸ್ಸಿಗೆ ಹೊತ್ತಾಗಿತ್ತು. ಸರಿ ಎಂದು ಎದ್ದು ಬಂದೆ. ನಾನು ಜೀವನದಲ್ಲಿ ಬಹಳಷ್ಟು ಕಡೆಗಳಿಂದ ಹೀಗೆ ಸರಿ ಎಂದು ಎದ್ದು ಬಂದಿದ್ದೇನೆ.

ಜೂನ್ ಹದಿನಾಲ್ಕು ಬಂತು, ಹೋಯಿತು. ಜುಲೈ ಎರಡನೇ ವಾರ ನಿಮ್ಮ ಪತ್ರ ಬಂತು. ಅದನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ, ಏಕೆಂದರೆ ಅದು ಚಿಕ್ಕದು ಮತ್ತು ಅದರಲ್ಲಿ ವ್ಯಾಕರಣದ ತಪ್ಪಿಲ್ಲ: "ತಮಗೆ ಈ ಕಚೇರಿಯ ಮೂಲಕ ಒದಗಿಸಲಾದ ಹಿಂಪಡೆಯಬಹುದಾದ ರಕ್ತನಾಳ ಶೋಧಕ, ಸಂಖ್ಯೆ ಒಂದು, ಅವಧಿ ಮುಗಿದಿದ್ದರೂ ಈವರೆಗೆ ಮರಳಿ ಬಂದಿರುವುದಿಲ್ಲ. ಏಳು ದಿನಗಳೊಳಗಾಗಿ ಸದರಿ ವಸ್ತುವನ್ನು ಸುಸ್ಥಿತಿಯಲ್ಲಿ ತಂದೊಪ್ಪಿಸತಕ್ಕದ್ದು."

ಅಕ್ಕ ಇದನ್ನು ಕರೆ ಎಂದೇ ತಿಳಿದಳು. ಏಳು ದಿನವೇಕೆ ಎಂದು ಮರುದಿನವೇ ಬಟ್ಟೆಬರೆ ಚೀಲಕ್ಕೆ ತುಂಬಿ, ಭಾವನನ್ನು ಆಟೋದಲ್ಲಿ ಕೂರಿಸಿ, ನಿಮ್ಮ ಕಚೇರಿಗೆ ಬಂದಳು. ನಾನು ಶಿವಮೊಗ್ಗದಿಂದ ಬಂದು ಅವರನ್ನು ಸೇರಿಕೊಂಡೆ. ಆಟೋ ಬಾಗಿಲ ಮುಂದೆಯೇ ನಿಂತಿತ್ತು. ಅಕ್ಕ ಕಿಟಕಿಗೆ ಹೋದಳು.

"ಕರ್ಕೊಂಡು ಬಂದಿದೀನಪ್ಪ. ಯಾವ ಟ್ರೈನಿಗೆ ಹೋಗ್ಬೇಕು? ಚೀಟಿ ಕೊಡು."

"ಯಾರನ್ನ ಕರ್ಕೊಂಡು ಬಂದ್ರಿ ಅಮ್ಮ?" ಎಂದರು ಶೇಷಪ್ಪನವರು.

"ಯಾರನ್ನ ಅಂದ್ರೆ? ನಮ್ಮನೆಯವ್ರನ್ನ. ಆಟೋದಲ್ಲಿ ಕೂತವ್ರೆ."

"ಅವ್ರು ಬರೋದು ಬೇಕಾಗಿರಲಿಲ್ಲ ಅಮ್ಮ. ಪಾಪ, ಯಾಕೆ ತೊಂದ್ರೆ ಕೊಟ್ರಿ. ವಸ್ತು ಕೊಟ್ಟಿದ್ರೆ ಸಾಕಿತ್ತು."

"ವಸ್ತು ಅವ್ರೊಳಗೇ ಐತಲ್ಲಪ್ಪ!"

"ಯಾವುದರೊಳಗೆ?"

"ಅವ್ರ ಹೊಟ್ಟೆಯೊಳಗೆ!"

ಶೇಷಪ್ಪನವರು ದಪ್ಪನೆಯ ಪುಸ್ತಕ ತೆಗೆದು, ಬೆರಳು ಆಡಿಸಿ, ನಮ್ಮ ಕಡೆ ತಿರುಗಿಸಿ ಇಟ್ಟರು. ರಟ್ಟಿನ ಮೇಲೆ ದುಂಡಗಿನ ಅಕ್ಷರಗಳಲ್ಲಿ "ಹಿಂಪಡೆಯಬಹುದಾದ ವಸ್ತುಗಳು" ಎಂದಿತ್ತು. ಕ್ರಮ ಸಂಖ್ಯೆ ಮೂವತ್ತೊಂಬತ್ತು, ಊರುಗೋಲು, ಒಂದು ಜೊತೆ. ನಲವತ್ತು, ಗಾಲಿಕುರ್ಚಿ. ನಲವತ್ತೊಂದು, ನನ್ನ ಭಾವ. ಮರಳಬೇಕಾದ ದಿನಾಂಕ ಜೂನ್ ಹದಿನಾಲ್ಕು. ದಿನಾಂಕ ಸರಿಯಾಗಿತ್ತು, ಮಾನ್ಯರೇ. ಒಂದು ದಿನವೂ ಹೆಚ್ಚುಕಡಿಮೆ ಇರಲಿಲ್ಲ. ನಿಮ್ಮ ಕಚೇರಿ ಅಜಾಗರೂಕ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಟೋದಿಂದ ಭಾವ ಕೂಗಿದರು. "ಏನಂತೆ ಮೇಷ್ಟ್ರೇ?"

ಅಕ್ಕನೇ ತಿರುಗಿ ಹೇಳಿದಳು: "ನಿಮ್ಮನ್ನ ಮನೇಲಿ ಬಿಟ್ಟು ಜರಡಿ ಒಂದನ್ನೇ ತರ್ಬೇಕಿತ್ತಂತೆ!"

ಭಾವ ಜೋರಾಗಿ ನಕ್ಕರು. ಆಟೋದವನೂ ನಕ್ಕ. "ಸುಸ್ಥಿತೀಲಿ ಬೇಕಂತೋ, ಹೆಂಗಿದ್ರೂ ಆಯ್ತಂತೋ, ಕೇಳೇ!" ಎಂದರು ಭಾವ. ಅದೇ ಅವರ ಕೊನೆಯ ನಗು ಎಂದು ಬರೆದರೆ ಈ ಪತ್ರಕ್ಕೆ ಅನುಕೂಲವಾಗುತ್ತಿತ್ತು. ಆದರೆ ಅವರು ಈಗಲೂ ನಗುತ್ತಾರೆ. ನಗದವನು ನಾನು. ಅವತ್ತು ನನಗೆ ಸಿಟ್ಟು ಬರಬೇಕಿತ್ತು ಎಂದು ಗೊತ್ತಿತ್ತು. ಬರಲಿಲ್ಲ. ಯಾರದೋ ಮನೆಯ ವಿಷಯವನ್ನು ಬಸ್ಸಿನಲ್ಲಿ ಕೇಳಿಸಿಕೊಂಡ ಹಾಗೆ ನಿಂತಿದ್ದೆ.

ತಪ್ಪಾಗಿದೆ, ಇದು ಮರಳಿಸುವ ವಸ್ತುವಲ್ಲ, ತೆಗೆಸಬೇಕಾದದ್ದು, ಬೆಂಗಳೂರಿಗೆ ಶಿಫಾರಸು ಪತ್ರ ಕೊಡಿ ಎಂದು ಶೇಷಪ್ಪನವರಿಗೆ ಹೇಳಿದೆ. ಅವರು ನನ್ನ ಅನುವಾದವನ್ನೇ ತೆಗೆದು ನನ್ನ ಮುಂದಿಟ್ಟರು.

"ತೆಗೆಸಲೇಬೇಕು ಅಂತ ಎಲ್ಲಿದೆ ಸಾರ್? ನೀವೇ ಬರೆದಿರೋದು. ಬಹುದು ಅಂತಿದೆ. ತಕ್ಕದ್ದು ಅಂತಿದ್ರೆ ಸಾಹೇಬ್ರು ಕಣ್ಮುಚ್ಚಿ ಸೈನ್ ಹಾಕ್ತಿದ್ರು. ಬಹುದು ಅಂದ್ರೆ ವಿವೇಚನೆಗೆ ಬಿಟ್ಟಿದ್ದು."

"ಇಲ್ಲಿ ಬಹುದು ಅಂದರೆ ಹಾಗಲ್ಲ. ತೆಗೆಯೋದಕ್ಕೆ ಸಾಧ್ಯ ಅಂತ ಅರ್ಥ."

"ಸಾಧ್ಯ ಇದ್ರೆ ತೆಗೀರಿ ಸಾರ್. ಬೇಡ ಅಂದೋರು ಯಾರು?"

ಕನ್ನಡದ ಬಹುದು ಎಂಬುದು ಶಕ್ತಿಯನ್ನೂ ಹೇಳುತ್ತದೆ, ಅನುಮತಿಯನ್ನೂ ಹೇಳುತ್ತದೆ. ಬಾಗಿಲು ತೆರೆಯಬಹುದು ಎಂದರೆ ಬೀಗವಿಲ್ಲ ಎಂದೂ ಆಗುತ್ತದೆ, ನಿಮ್ಮಿಷ್ಟ ಎಂದೂ ಆಗುತ್ತದೆ. ಮನೆಯಲ್ಲಿ, ಸಂತೆಯಲ್ಲಿ, ತರಗತಿಯಲ್ಲಿ ನಾವು ಯಾರೂ ಇದರಿಂದ ಕಷ್ಟಕ್ಕೆ ಸಿಕ್ಕುವುದಿಲ್ಲ. ಹೇಳುವವನ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಚೇರಿಗೆ ಮಾತ್ರ ಮುಖ ನೋಡುವ ಅಭ್ಯಾಸವಿಲ್ಲ. ಆದರೂ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನೀವು ಸ್ವತಃ ವೈದ್ಯರಲ್ಲವೆಂದು ಗೊತ್ತು, ಆಡಳಿತಾಧಿಕಾರಿಗಳು. ಆದರೆ ರಕ್ತನಾಳ ಎಂಬ ಪದ ನಿಮ್ಮ ಕಣ್ಣಿಗೆ ಬಿತ್ತಲ್ಲವೇ? ಅದು ಊರುಗೋಲಿನ ಹಾಗೆ ಬಾಗಿಲ ಹಿಂದೆ ಒರಗಿಸಿಡುವ ವಸ್ತುವಲ್ಲ ಎಂದು ತಿಳಿಯಲು ಯಾವ ಸುತ್ತೋಲೆ ಬೇಕಿತ್ತು? ಒಬ್ಬ ಮನುಷ್ಯನ ರಕ್ತನಾಳದಲ್ಲಿರುವುದನ್ನು ಅವನ ಹೆಂಡತಿ ಚೀಲದಲ್ಲಿ ಹಾಕಿಕೊಂಡು ಬಂದು ಕಿಟಕಿಯಲ್ಲಿ ಒಪ್ಪಿಸುತ್ತಾಳೆ ಎಂಬ ಚಿತ್ರ, ಆ ಪತ್ರಕ್ಕೆ ಸಹಿ ಹಾಕುವಾಗ, ಒಂದು ಕ್ಷಣವೂ ನಿಮ್ಮ ಕಣ್ಣ ಮುಂದೆ ಬರಲಿಲ್ಲವೇ?

ಬರದಿರುವುದೂ ಸಾಧ್ಯ. ನನ್ನ ಕಣ್ಣ ಮುಂದೆಯೂ ಅನೇಕ ಚಿತ್ರಗಳು ಬಂದಿಲ್ಲ.

ಆಮೇಲಿನದು ಕಾಗದಗಳ ಕತೆ. ಬೆಂಗಳೂರಿನಿಂದ ಹೊಸ ಪ್ರಮಾಣಪತ್ರ ತರಿಸಿದೆವು. ನೀವು ಸ್ಪಷ್ಟೀಕರಣ ಕೇಳಿದಿರಿ. ಕೊಟ್ಟೆವು. ಒಂದೇ ಸಾಧನ ಹಿಂಪಡೆಯಬಹುದಾದದ್ದೂ ಕಡ್ಡಾಯವಾಗಿ ತೆಗೆಯಬೇಕಾದದ್ದೂ ಹೇಗಾಗುತ್ತದೆ ಎಂದು ಇನ್ನೊಂದು ಸ್ಪಷ್ಟೀಕರಣ ಕೇಳಿದಿರಿ. ಅದಕ್ಕೆ ಉತ್ತರ ಬರೆದು ಕೊಡುವಷ್ಟರಲ್ಲಿ ಗಣಪತಿ ಹಬ್ಬ ಕಳೆದಿತ್ತು, ನಿಮ್ಮ ಎರಡನೆಯ ನೋಟೀಸೂ ಬಂದಿತ್ತು. ದಸರಾ ರಜೆಯ ನಂತರ ನಿಮ್ಮ ಸಹಿ ಬಿತ್ತು. ಅಕ್ಟೋಬರ್ ಇಪ್ಪತ್ತನಾಲ್ಕರಂದು, ಜಾಲರಿ ಇಟ್ಟ ಮೂವತ್ತೊಂದನೆಯ ವಾರ, ಭಾವನನ್ನು ಬೆಂಗಳೂರಿನ ಆಸ್ಪತ್ರೆಯ ಆಪರೇಷನ್ ಕೋಣೆಯೊಳಗೆ ಕರೆದುಕೊಂಡು ಹೋದರು. ಒಂದೂವರೆ ಗಂಟೆಯ ಮೇಲೆ ವೈದ್ಯೆ ಹೊರಗೆ ಬಂದರು.

"ಕೊಕ್ಕೆ ಸಿಕ್ತು. ಎಳೆದ್ರೆ ನಾಳಾನೇ ಜೊತೆಗೆ ಬರೋ ಹಾಗಿತ್ತು, ನಿಲ್ಲಿಸಿದ್ವಿ. ಇನ್ನು ಪ್ರಯತ್ನ ಬೇಡ." ಆಮೇಲೆ ನನ್ನ ಕಡೆ ತಿರುಗಿದರು. "ಜೂನಲ್ಲಿ ಯಾಕೆ ಬರ್ಲಿಲ್ಲ ಸಾರ್? ಬರ್ಕೊಂಡಿದ್ರಲ್ಲ?"

"ಕರೀತೀವಿ ಅಂದಿದ್ರು," ಎಂದೆ.

ಭಾವ ಬದುಕಿದ್ದಾರೆ. ನಾಳೆಯೇ ಏನೋ ಆಗಿಬಿಡುತ್ತದೆ ಎಂದಲ್ಲ. ಅದನ್ನು ಒಳಗಿಟ್ಟುಕೊಂಡೇ ಬಹಳ ಜನ ಬದುಕುತ್ತಾರೆ ಎಂದು ವೈದ್ಯೆ ಹೇಳಿದ್ದಾರೆ. ಆದರೆ ವರ್ಷಗಳು ಕಳೆದ ಹಾಗೆ ತಂತಿ ಮುರಿಯಬಹುದು, ಜಾಲರಿಯೇ ಹೆಪ್ಪಿನಿಂದ ಕಟ್ಟಿಕೊಳ್ಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ಈಗ ಬದುಕಿರುವಷ್ಟು ದಿನ. ಗಡ್ಡ ಹೆರೆಯುವಾಗ ಗಾಯವಾದರೆ ಅರ್ಧ ಗಂಟೆ ಹತ್ತಿ ಒತ್ತಿ ಹಿಡಿಯಬೇಕು. ಮಧ್ಯಾಹ್ನದ ಹೊತ್ತಿಗೆ ಎಡಗಾಲು ಊದಿ ಚಪ್ಪಲಿ ಹಿಡಿಸುವುದಿಲ್ಲ. ಅಕ್ಕ ರಾಗಿ ಚೀಲವನ್ನು ಒತ್ತಾಗಿಟ್ಟು ಅದರ ಮೇಲೆ ಅವರ ಕಾಲೆತ್ತಿ ಇಡುತ್ತಾಳೆ. ನನ್ನ ಮೇಲೆ ಅವರಿಬ್ಬರಿಗೂ ಸಿಟ್ಟಿಲ್ಲ. ಬಹುದು, ತಕ್ಕದ್ದು ಎಂಬ ವ್ಯತ್ಯಾಸವನ್ನು ನಾನು ಒಮ್ಮೆ ಕೂತು ವಿವರಿಸಿದೆ, ತಪ್ಪೊಪ್ಪಿಕೊಳ್ಳುವ ಉದ್ದೇಶದಿಂದ. ಭಾವ ಕೇಳಿಸಿಕೊಂಡು, "ಒಂದು ಕಾಳಿನಷ್ಟು ಕಲ್ಲು ಜರಡೀಲಿ ತಪ್ಪಿ ಹೋದ್ರೆ ಇಡೀ ಎರಕ ಹಾಳು, ಏನ್ ಮಾಡ್ತೀಯ," ಎಂದರು. ಸಮಾಧಾನ ಹೇಳಿದರೋ ಬೈದರೋ ತಿಳಿಯಲಿಲ್ಲ. ಕೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನನ್ನಂಥವರು ಬರೆಯುವುದಿಲ್ಲ. ಕಳೆದ ಶನಿವಾರ, ನಿಮ್ಮ ಮೂರನೆಯ ನೋಟೀಸಿಗೆ ಉತ್ತರವಾಗಿ, ವಸ್ತುವನ್ನು ತೆಗೆಯಲು ಸಾಧ್ಯವಿಲ್ಲ ಎಂಬ ಪ್ರಮಾಣಪತ್ರ ಕೊಡಲು ಅಕ್ಕನ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ಶೇಷಪ್ಪನವರು ನಿಜವಾಗಿಯೂ ನೊಂದುಕೊಂಡರು. ಪುಸ್ತಕ ತೆಗೆದು ನಲವತ್ತೊಂದರ ಮುಂದೆ "ಹಿಂಪಡೆಯಲಾಗಿರುವುದಿಲ್ಲ" ಎಂದು ಬರೆದರು. ಅವರು ಬರೆಯುವುದನ್ನು ನೋಡುತ್ತಿದ್ದ ನನ್ನ ಕಣ್ಣು ಕೆಳಗಿನ ಸಾಲುಗಳಿಗೆ ಜಾರಿತು. ಕ್ರಮ ಸಂಖ್ಯೆ ನಲವತ್ತಾರು: ರಂಜಿನಿ, ಗಂಡ ಶಿವಕುಮಾರ್, ಅಚ್ಚಿನ ವಿಭಾಗ. ಹಿಂಪಡೆಯಬಹುದಾದ ರಕ್ತನಾಳ ಶೋಧಕ, ಒಂದು. ಮರಳಬೇಕಾದ ದಿನಾಂಕ ಜನವರಿ ಇಪ್ಪತ್ತೈದು.

ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. ಶೇಷಪ್ಪನವರ ಮುಖ ಅರಳಿತು. "ನಿಮ್ಮ ಪದಾನೇ ಇಟ್ಕೊಂಡಿದೀವಿ ಸಾರ್. ಅನುವಾದ ಅಂದ್ರೆ ಹಿಂಗಿರ್ಬೇಕು ಅಂತ ಸಾಹೇಬ್ರೇ ಹೇಳಿದ್ರು. ಈಗ ಬೆಂಗಳೂರಿಂದ ಇಂಥ ಕಾಗದ ಬಂದ್ರೆ ನಿಮ್ಮದನ್ನೇ ನೋಡಿ ಹಾಕ್ತೀವಿ."

ನೀವು ಹೊಗಳಿದಿರಂತೆ, ಮಾನ್ಯರೇ. ನಾನು ಕತೆ ಕವಿತೆಗಳನ್ನೂ ಒಂದಷ್ಟು ಅನುವಾದಿಸಿದ್ದೇನೆ. ಅವುಗಳಲ್ಲಿ ಯಾವುದೂ ಯಾರಿಗೂ ಇಷ್ಟು ಉಪಯೋಗಕ್ಕೆ ಬಂದಿಲ್ಲ.

ಅಲ್ಲಿಂದ ನೇರವಾಗಿ ಆ ಮನೆಗೆ ಹೋದೆವು. ರಂಜಿನಿಗೆ ಅಕ್ಟೋಬರ್ ಕೊನೆಯಲ್ಲಿ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದರು. ಕಾಲಿನಲ್ಲಿ ಹೆಪ್ಪು, ಅತ್ತ ನಿಲ್ಲದ ರಕ್ತಸ್ರಾವ, ಔಷಧ ಕೊಡುವಂತಿರಲಿಲ್ಲ. ನವೆಂಬರ್ ಎರಡರಂದು ಅದೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಜಾಲರಿ ಇಟ್ಟರು. ಅತ್ತೆ ಹಾಲಮ್ಮ ಬಾಗಿಲಲ್ಲೇ ಎಲ್ಲವನ್ನೂ ಕೇಳಿಸಿಕೊಂಡರು, ಆದರೆ ನಂಬಲಿಲ್ಲ.

"ಆಫೀಸಿಂದಲೇ ಕರೀತೀವಿ ಅಂದವ್ರಲ್ಲ ಸಾರ್. ಡೇಟೂ ಬರ್ಕೊಂಡವ್ರೆ. ನಾವಾಗೇ ಮೇಲೆ ಬಿದ್ದು ಹೋದ್ರೆ ಸಾಹೇಬ್ರಿಗೆ ಸಿಟ್ಟು ಬರಲ್ವಾ?"

"ನಮಗೂ ಹಂಗೇ ಹೇಳಿದ್ರು ಕಣಮ್ಮ," ಎಂದಳು ಅಕ್ಕ. "ನೋಡು ಬಾ, ನಮ್ಮನೆಯವ್ರ ಕಾಲು ತೋರಿಸ್ತೀನಿ."

ಒಳಗೆ ರಂಜಿನಿ ಗೋಡೆಗೆ ಒರಗಿ ಕೂತಿದ್ದಳು. ಮಗು ಪಕ್ಕದಲ್ಲಿ ಮಲಗಿಕೊಂಡು ಕಿರುಚುತ್ತಿತ್ತು. ಅವಳು ಅದರ ಎದೆಯ ಮೇಲೆ ಕೈಯಿಟ್ಟು ತಟ್ಟುತ್ತಿದ್ದಳು, ಎತ್ತಿಕೊಳ್ಳಲಿಲ್ಲ. ಹಾಲಮ್ಮ ಒಳಗೆ ಬಂದು ಮಗುವನ್ನು ಎತ್ತಿ ಅವಳ ತೊಡೆಯ ಮೇಲಿಟ್ಟ ಮೇಲೆ ಮುಟ್ಟಿದಳು. ನಾವು ಹೊರಡುವಾಗ, ನಾನು ಓದಿದವನೆಂದು, ಮೆಲ್ಲಗೆ ಕೇಳಿದಳು: "ಸಾರ್, ಅದು ಒಳಗಿರೋವಾಗ ಪಾಪೂನ ಎತ್ಕೋಬಹುದಾ?"

ಮತ್ತೆ ಅದೇ ಬಹುದು. ಕೇಳಿ ಹೇಳುತ್ತೇನೆ ಎಂದೆ. ಸೋಮವಾರ ವೈದ್ಯೆಗೆ ಫೋನ್ ಮಾಡಿದೆ. ಎತ್ತಿಕೊಳ್ಳಬಹುದಂತೆ, ಧಾರಾಳವಾಗಿ. ಹೊಟ್ಟೆಯ ಹೊಲಿಗೆ ಮಾಗಿದ್ದರೆ ಸಾಕು, ಜಾಲರಿಗೂ ಮಗುವಿಗೂ ಸಂಬಂಧವಿಲ್ಲ. ಎರಡು ನಿಮಿಷದ ಮಾತು. ಈ ಎರಡು ನಿಮಿಷ ಯಾರಲ್ಲೂ ಇರಲಿಲ್ಲವಾದ್ದರಿಂದ ಆ ಹುಡುಗಿ ಎರಡು ತಿಂಗಳು ತನ್ನ ಮಗುವನ್ನು ಎತ್ತಿಕೊಂಡಿರಲಿಲ್ಲ. ಇದನ್ನು ತಿಳಿಸಲು ಸಂಜೆ ಮತ್ತೆ ಭದ್ರಾವತಿಗೆ ಹೋದೆ. ಅವಳು ಬಗ್ಗಿ ಮಗುವನ್ನು ಎತ್ತಿಕೊಂಡಳು, ಎತ್ತಿಕೊಂಡು ಏನು ಮಾಡಬೇಕೆಂದು ತಿಳಿಯದೆ ಕೋಣೆಯ ನಡುವೆ ನಿಂತಳು. ಆಗ ನನಗೆ, ಬಹಳ ದಿನಗಳ ಮೇಲೆ, ಏನೋ ಅನ್ನಿಸಿತು. ಅದರ ಹೆಸರು ನನಗೆ ಗೊತ್ತಿಲ್ಲ. ಅದನ್ನು ಅನುವಾದಿಸುವ ಆಸೆಯೂ ಇಲ್ಲ.

ಹಾಗಾಗಿ ನನ್ನ ಬೇಡಿಕೆ. ಕಳೆದ ಏಪ್ರಿಲ್‌ನಲ್ಲಿ ನಾನು ಸಲ್ಲಿಸಿದ ಅನುವಾದವನ್ನು ಈ ಮೂಲಕ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ನೋಡಿ ಇನ್ನೊಂದು ಕಾಗದ ತಯಾರಾಗಕೂಡದು. ಆ ಪುಸ್ತಕದಿಂದ ಮನುಷ್ಯರ ಹೆಸರುಗಳನ್ನು ಹೊಡೆದುಹಾಕಿ, ಊರುಗೋಲುಗಳು ಇರಲಿ. ಭಾವನವರ ವಿಷಯದಲ್ಲಿ ನಿಮ್ಮಿಂದ ನಾವು ಏನನ್ನೂ ಕೇಳುತ್ತಿಲ್ಲ, ನಾಲ್ಕನೆಯ ನೋಟೀಸು ಬಾರದಿದ್ದರೆ ಸಾಕು. ಶಿವಕುಮಾರ್ ಅವರ ಹೆಂಡತಿ ರಂಜಿನಿಗೆ ಬೆಂಗಳೂರಿನ ಆಸ್ಪತ್ರೆಗೆ ಶಿಫಾರಸು ಪತ್ರ ಕೊಡಿ. ಒಂದು ಹಾಳೆ, ಒಂದು ಸಹಿ, ಒಂದು ಮೊಹರು. ವೈದ್ಯೆ ಇಪ್ಪತ್ತೆರಡನೇ ತಾರೀಖು ಮಂಗಳವಾರ ಅವಳಿಗಾಗಿ ಸಮಯ ತೆಗೆದಿಟ್ಟಿದ್ದಾರೆ. ಸ್ಪಷ್ಟೀಕರಣ ಬೇಕಿದ್ದರೆ ಈಗಲೇ ಬರೆದುಕೊಡುತ್ತೇನೆ, ನಾನು ಗೇಲಿ ಮಾಡುತ್ತಿದ್ದ ನಿಮ್ಮ ಕನ್ನಡದಲ್ಲಿಯೇ: ಸದರಿ ಸಾಧನವನ್ನು ಜನವರಿ ಇಪ್ಪತ್ತೈದರೊಳಗಾಗಿ ಆಸ್ಪತ್ರೆಯಲ್ಲಿ, ವೈದ್ಯರ ಕೈಯಿಂದ, ತೆಗೆಸತಕ್ಕದ್ದು. ಇದರಲ್ಲಿ ಉಸಿರಿದೆ ಎಂದು ನನಗೆ ಈಗ ತಿಳಿದಿದೆ.

ಹದಿನೆಂಟನೇ ತಾರೀಖು ಶುಕ್ರವಾರದೊಳಗೆ ಆ ಪತ್ರ ಅವರ ಕೈ ಸೇರದಿದ್ದರೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಶಿವಕುಮಾರ್, ಹಾಲಮ್ಮ, ನನ್ನ ಅಕ್ಕ ಮತ್ತು ನಾನು ನಿಮ್ಮ ಕೊಠಡಿಯೊಳಗೆ ಬಂದು ಕೂರುತ್ತೇವೆ, ಕಿಟಕಿಯ ಹೊರಗಲ್ಲ. ನಾನು ಈ ಸಲ ಸರಿ ಎಂದು ಎದ್ದು ಹೋಗುವುದಿಲ್ಲ. ರಂಜಿನಿಯೂ ಬರುತ್ತಾಳೆ, ಮಗುವನ್ನು ತಾನೇ ಎತ್ತಿಕೊಂಡು. ಅದು ಸುಮ್ಮನಿರುವ ಮಗುವಲ್ಲ, ಮಾನ್ಯರೇ. ಬೇಗ ಸಹಿ ಹಾಕುವುದು ಎಲ್ಲರಿಗೂ ಒಳ್ಳೆಯದು.

ಇಂತಿ,
ಒಂದು ಪದದ ಮಟ್ಟಿಗೆ ನಿಮ್ಮ ಸಹೋದ್ಯೋಗಿ,
ರವೀಂದ್ರನಗರದ ಇಂಗ್ಲಿಷ್ ಮೇಷ್ಟ್ರು
ಶಿವಮೊಗ್ಗ, 9 ಜನವರಿ 2008